ದೊರೆಯ ಎಡಗಾಲಿಗೆ ಕ್ಲಚ್ಚು ಹಾಕಿಸಿದ್ದು

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಕೇಳಬೇಡಿ, ಕೇಳಿದರೆ ಕತೆ ಅಲ್ಲಿಗೇ ನಿಂತುಹೋಗುತ್ತೆ, ಗುಜ್ಜೇಂದ್ರ ಅಂತ ಒಬ್ಬ ದೊರೆ ಇದ್ದ. ಅವನಿಗೆ ಒಂದು ಆಟೋಮ್ಯಾಟಿಕ್ ಕಾರಿತ್ತು. ಗೇರು ಅದೇ ಹಾಕಿಕೊಳ್ಳೋದು, ಅದೇ ಬದಲಾಯಿಸಿಕೊಳ್ಳೋದು. ದೊರೆ ಬಲಗಾಲು ಒಂದನ್ನ ಆಡಿಸಿದರೆ ಸಾಕು. ಒಂದು ಪೆಡಲು ಒತ್ತಿದರೆ ಓಡೋದು, ಪಕ್ಕದ್ದನ್ನ ಒತ್ತಿದರೆ ನಿಲ್ಲೋದು. ಎಡಗಾಲು ಮೂಲೆಯಲ್ಲಿ ಸುಮ್ಮನೆ ಬಿದ್ದಿರೋದು.

ಆ ಊರಲ್ಲಿ ಎರಡು ಪದ್ಧತಿ ಇದ್ದವು. ಈಗಲೇ ನೆನಪಿಟ್ಟುಕೊಳ್ಳಿ, ಆಮೇಲೆ ನನ್ನ ತಲೆ ತಿನ್ನಬೇಡಿ. ಮೊದಲನೆಯದು, ಒಳ್ಳೇ ಕೆಲಸಕ್ಕೆಲ್ಲ ಬಲಗಾಲೇ ಮುಂದೆ. ಹೊಸಿಲು ದಾಟೋಕೆ ಬಲಗಾಲು. ಗುಡಿ ಮೆಟ್ಟಿಲು ಹತ್ತೋಕೆ ಬಲಗಾಲು. ಹೊಸ ಸೊಸೆ ಅಕ್ಕಿ ಸೇರು ಒದೆಯೋಕೂ ಬಲಗಾಲು. ಎರಡನೆಯದು, ದೊರೆಗೆ ಯಾರು ಏನೇ ಮಾಡಿಕೊಟ್ಟರೂ ಅದನ್ನ ಮಾಡಿದವನ ಮನೆಯವರೇ ಪರೀಕ್ಷೆಗೆ ಮೊದಲು ಕೂರಬೇಕು. ಮಂಚ ಮಾಡಿದವನ ಅಪ್ಪ ಮೊದಲು ಮಲಗಬೇಕು. ಬಾವಿ ತೋಡಿದವನ ತಮ್ಮ ಮೊದಲು ಇಳಿಯಬೇಕು. ಇಳಿದ ತಮ್ಮ ಇನ್ನೂ ಮೇಲೆ ಬಂದಿಲ್ಲ, ಆ ಮಾತು ಬಿಡಿ.

ಒಂದು ದಿನ ಒಡ್ಡೋಲಗ ನಡೆಯುತ್ತಿದ್ದಾಗ ದೊರೆಯ ಎಡಗಾಲು ಬಾಯಿಬಿಟ್ಟಿತು. ಕಾಲಿಗೆ ಬಾಯೆಲ್ಲಿಂದ ಬಂತು ಅನ್ನೋರು ಎದ್ದು ಮನೆಗೆ ಹೋಗಬಹುದು. ಹುಟ್ಟಿದಾಗಿನಿಂದ ಬಲಗಾಲಿನ ಹಿಂದೆ ಹಿಂದೆ ಬರೋದೇ ಆಯ್ತು ಅಂತ ಅದು ಗೋಳಾಡಿತು. ಮನೆಯಲ್ಲಿ ಹಿಂದೆ, ಗುಡಿಯಲ್ಲಿ ಹಿಂದೆ, ಕಾರಲ್ಲಂತೂ ಲೆಕ್ಕಕ್ಕೇ ಇಲ್ಲ.

"ಕಾರಲ್ಲಾದರೂ ನನಗೊಂದು ಕೆಲಸ ಕೊಡು. ಇಲ್ಲ ಅಂದರೆ ಶುಕ್ರವಾರ ನಾನು ಹೊರಟೆ" ಅಂದಿತು.

ದೊರೆ ಮಂತ್ರಿಯ ಕಡೆ ತಿರುಗಿದ. ಒಂಟಿಕಾಲಿನವನು ಸಿಂಹಾಸನದ ಮೇಲೆ ಕೂರೋ ಹಾಗಿಲ್ಲ ಅಂತ ಅವನ ತಾತನೇ ಕಾನೂನು ಮಾಡಿ ಹೋಗಿದ್ದ. ಮಂತ್ರಿ ಯೋಚನೆ ಮಾಡಿ, ಗೇರಿನ ಕಾರಾದರೆ ಕ್ಲಚ್ಚು ಇರುತ್ತೆ, ಕ್ಲಚ್ಚು ಒತ್ತೋದು ಎಡಗಾಲೇ, ಆದ್ದರಿಂದ ಈ ಕಾರನ್ನ ಗೇರಿನ ಕಾರು ಮಾಡಿಸಿಬಿಡೋಣ ಅಂದ. ಮೆಕ್ಯಾನಿಕ್ ದ್ಯಾವಾಚಾರಿಗೆ ಹೇಳಿ ಕಳಿಸಿದರು.

ದ್ಯಾವಾಚಾರಿಗೆ ಈ ಲೋಕದಲ್ಲಿ ತನ್ನೋರು ಅಂತ ಇದ್ದವಳು ಹೆಂಡತಿ ಮಂಚಮ್ಮ ಒಬ್ಬಳೇ. ಮಕ್ಕಳಿಲ್ಲ, ಅಪ್ಪ ಅಮ್ಮ ಇಲ್ಲ. ದೊರೆಯ ಕೆಲಸ ಅಂದ ತಕ್ಷಣ ಅವನಿಗೆ ಅವಳೇ ನೆನಪಾದಳು. ಕಾರು ಮಾಡಿದರೆ ಅದರಲ್ಲಿ ಮೊದಲು ಕೂರೋಳು ಅವಳೇ ತಾನೆ. ಅದಕ್ಕೆ ಅವನು ಕೈಮುಗಿದು, ಬುದ್ಧೀ, ಇದನ್ನ ಬಿಚ್ಚಿ ಜೋಡಿಸೋ ಬದಲು ಗೇರಿರೋ ಕಾರೇ ಒಂದು ತಗೊಂಡುಬಿಡಿ ಅಂತ ಕೇಳಿಕೊಂಡ.

"ನನ್ನ ಎಡಗಾಲು ಮುನಿಸಿಕೊಂಡಿರೋದು ಈ ಕಾರಿನ ಮೇಲೆ. ಆ ಕಾರಿನ ಜೊತೆ ಅದಕ್ಕೇನಯ್ಯಾ ಜಗಳ?" ಅಂದ ದೊರೆ.

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯಾ? ಇಲ್ಲ ತಾನೆ. ಸುಮ್ಮನೆ ಕೇಳಿ.

ದ್ಯಾವಾಚಾರಿ ಕಾರಿನ ಅಡಿಗೆ ತೂರಿದ. ತನ್ನಷ್ಟಕ್ಕೆ ಗೇರು ಹಾಕೋ ಹಳೇ ಗೇರ್ ಬಾಕ್ಸನ್ನ ಬಿಚ್ಚಿ ಅಂಗಳದಲ್ಲಿಟ್ಟ. ಕಬ್ಬಿನ ಲಾರಿಯೊಂದು ಕೆಟ್ಟು ಹಳ್ಳದಲ್ಲಿ ಬಿದ್ದಿತ್ತು, ಅದರ ಗೇರ್ ಬಾಕ್ಸು ತಂದು ಕೂರಿಸಿದ. ಗೇರ್ ರಾಡು ಎಲ್ಲೂ ಸಿಗಲಿಲ್ಲ. ಮಂಚಮ್ಮನ ಮುದ್ದೆ ತಿರುವೋ ಕೋಲು ಕೇಳಿದ. ಅವಳು, ಹಿಟ್ಟು ಯಾವುದರಲ್ಲಿ ತಿರುವಲಿ, ನಿಮ್ಮ ತಲೆಯಲ್ಲಾ, ಅಂತ ಗೊಣಗಿ ಕೋಲು ಕೊಟ್ಟಳು. ಅವತ್ತಿನಿಂದ ಅವರ ಮನೆಯಲ್ಲಿ ಮುದ್ದೆ ಇಲ್ಲ, ಬರೀ ಅನ್ನ.

ಎಲ್ಲ ಆಯ್ತು, ಕ್ಲಚ್ ಪೆಡಲು ಮಾತ್ರ ಇಲ್ಲ. ಆ ಕಾರಿನ ಬ್ರೇಕ್ ಪೆಡಲು ಮಣೆ ಹಾಗೆ ಅಗಲವಾಗಿತ್ತು. ಎಡಗಾಲು ಅದನ್ನ ನೋಡಿ, ಇದರಲ್ಲೇ ಅರ್ಧ ನನಗೆ ಕೊಯ್ದುಕೊಡಿ ಅಂದಿತು. ಬಲಗಾಲು, ಅರ್ಧ ಅಂದರೆ ಅರ್ಧ, ಎಳ್ಳಷ್ಟು ಹೆಚ್ಚು ಹೋಗಬಾರದು ಅಂದಿತು. ಮಂತ್ರಿ ದಾರ ಹಿಡಿದು ನಡುವೆ ಗೆರೆ ಎಳೆದ. ದ್ಯಾವಾಚಾರಿ ಗರಗಸ ಕೆಳಗಿಟ್ಟುಬಿಟ್ಟ.

"ಬುದ್ಧೀ, ಅರ್ಧ ಬ್ರೇಕು ಅರ್ಧ ಕಾರನ್ನೇ ನಿಲ್ಲಿಸೋದು. ಇನ್ನರ್ಧ ನಿಲ್ಲಲ್ಲ" ಅಂದ.

"ನಾನು ಕೂರೋದು ಮುಂದಿನ ಅರ್ಧದಲ್ಲಿ ತಾನೆ?" ಅಂದ ದೊರೆ.

ಹಿಂದಿನ ಅರ್ಧದಲ್ಲಿ ಕೂರೋಳು ಮಂಚಮ್ಮ. ದ್ಯಾವಾಚಾರಿ ನಾನು ಕೊಯ್ಯೋದಿಲ್ಲ ಅಂತ ಕೂತ. ಮಂತ್ರಿ ಮೆಲ್ಲಗೆ, ಕಾರು ಬೇಡ ಅಂದರೆ ಬಾವಿ ಇದೆಯಲ್ಲ, ನಿನ್ನ ಹೆಂಡತಿಯನ್ನ ಅದರಲ್ಲೇ ಪರೀಕ್ಷೆ ಮಾಡೋಣ ಅಂದ. ದ್ಯಾವಾಚಾರಿ ಅಳುತ್ತಾ ಪೆಡಲು ಕೊಯ್ದ.

ಶುಕ್ರವಾರ ಬಂತು. ಚಕ್ರಗಳ ಅಡಿಗೆ ನಿಂಬೆಹಣ್ಣಿಟ್ಟರು. ದೊರೆ ಮುಂದೆ ಕೂತ. ಮಂಚಮ್ಮ ತಲೆಗೆ ಹೂವು ಮುಡಿದು ಹಿಂದೆ ಕೂತಳು. ಆದರೆ ಯಾವಾಗ ಯಾವ ಗೇರು ಹಾಕಬೇಕು ಅಂತ ದೊರೆಗೆ ಗೊತ್ತಿಲ್ಲ. ಅದು ಗೊತ್ತಿದ್ದದ್ದು ಅಂಗಳದಲ್ಲಿದ್ದ ಹಳೇ ಬಾಕ್ಸಿಗೆ ಮಾತ್ರ. ಅದನ್ನೂ ಎತ್ತಿ ಮಂಚಮ್ಮನ ಪಕ್ಕದಲ್ಲಿ ಕೂರಿಸಿದರು. ಕಾರು ಕೆರೆ ಸುತ್ತಿ ಬರೋಕೆ ಹೊರಟಿತು. ಹಿಂದಿನಿಂದ ಬಾಕ್ಸು ಎರಡು ಅನ್ನೋದು, ದೊರೆ ಮುದ್ದೆ ಕೋಲು ತಿರುವೋನು. ಮೂರು ಅನ್ನೋದು, ತಿರುವೋನು. ಎಡಗಾಲು ಕ್ಲಚ್ಚು ಒತ್ತಿ ಒತ್ತಿ ಆನಂದಕ್ಕೆ ಅತ್ತುಬಿಟ್ಟಿತು.

ಅರಮನೆ ಮುಂದೆ ದೊರೆ ಬ್ರೇಕು ಒತ್ತಿದ. ಮುಂದಿನ ಅರ್ಧ ನಿಂತಿತು. ಹಿಂದಿನ ಅರ್ಧ ಕಳಚಿಕೊಂಡು, ಅದನ್ನ ಸುತ್ತಿ ಮುಂದಕ್ಕೆ ಹೋಯಿತು. ನಿಲ್ಲು ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಹಳೇ ಬಾಕ್ಸು ಅದರೊಳಗೆ ಕೂತು, ತನ್ನ ಕಾಲ ಬಂತು ಅಂತ ತಾನೇ ಗೇರು ಹಾಕಿಕೊಳ್ಳುತ್ತಿತ್ತು. ದ್ಯಾವಾಚಾರಿ ಪಕ್ಕದಲ್ಲಿ ಹಾದುಹೋಗುವಾಗ ಮಂಚಮ್ಮ ತಲೆ ಹೊರಗೆ ಹಾಕಿದಳು.

"ಒಲೆ ಮೇಲೆ ಅನ್ನ ಇಟ್ಟು ಬಂದಿದೀನಿ ಕಣ್ರೀ. ಇಳಿಸಿಬಿಡಿ" ಅಂದಳು.

ಅನ್ನ ಇಳಿಸೋಕೆ ಹೋಗೋದಾ, ಹೆಂಡತಿಯನ್ನ ಇಳಿಸೋಕೆ ಹೋಗೋದಾ? ಅವನು ದೊರೆಯ ಹತ್ತಿರ ಓಡಿದ. ಕ್ಲಚ್ಚು ಅನ್ನೋದು ಬ್ರೇಕಿನ ಇನ್ನರ್ಧ ತಾನೆ, ಅದನ್ನ ಕೊಟ್ಟರೆ ಹಿಂದಿನ ಅರ್ಧವನ್ನ ನಿಲ್ಲಿಸಬಹುದು, ಕಾಲು ತೆಗೀರಿ ಅಂತ ಬೇಡಿದ. ಎಡಗಾಲು ಪೆಡಲು ಬಿಡಲಿಲ್ಲ. ಜನ್ಮಕ್ಕೆ ಸಿಕ್ಕಿದ್ದು ಇದೊಂದು ಕೆಲಸ, ಇವತ್ತೇ ಬಿಡು ಅಂದರೆ ಹೇಗೆ ಅಂದಿತು. ದೊರೆಯೂ, ಪಾಪ ಅದಕ್ಕೆ ನಾನು ಹೇಗೆ ಹೇಳಲಿ ಅಂದ. ಅಷ್ಟರಲ್ಲಿ ಮಂಚಮ್ಮ ಕೆರೆ ಸುತ್ತಿ ಮತ್ತೆ ಬಂದಳು. ಅನ್ನ ಸೀಯ್ತಾ ಇದೆ, ವಾಸನೆ ಬರ್ತಿದೆ, ಯಾಕೆ ಇನ್ನೂ ಇಲ್ಲೇ ನಿಂತಿದೀರಿ ಅಂತ ಬೈದುಕೊಂಡು ಹೋದಳು.

ದ್ಯಾವಾಚಾರಿ ಗರಗಸ ಎತ್ತಿಕೊಂಡ. ಪೆಡಲು ಬುಡದಲ್ಲಿ ಕೊಯ್ದ, ಕಾಲು ಅದರ ಮೇಲೇ ಇತ್ತು. ಆಮೇಲೆ ಮೇಲೆ ಕಾಲನ್ನೂ ಕೊಯ್ದ. ಕಣ್ಣು ಮುಚ್ಚಿಕೊಳ್ಳೋರು ಮುಚ್ಚಿಕೊಳ್ಳಿ. ರಕ್ತ ಒಂದು ತೊಟ್ಟೂ ಬರಲಿಲ್ಲ. ಅಷ್ಟು ವರ್ಷ ಕೆಲಸವಿಲ್ಲದೆ ಬಿದ್ದಿದ್ದ ಕಾಲಿಗೆ ರಕ್ತ ಯಾರು ಕಳಿಸಿದ್ದರು? ಒಂಟಿಕಾಲಿನವನ ಬಗ್ಗೆ ತಾತನ ಕಾನೂನು ಇತ್ತಲ್ಲ, ಮಂತ್ರಿ ಒಂದು ಗಳಿಗೆಯೂ ತಡಮಾಡಲಿಲ್ಲ. ದೊರೆಯ ತಲೆ ಮೇಲಿದ್ದ ಕಿರೀಟ ತೆಗೆದು ತನ್ನ ತಲೆಗೆ ಇಟ್ಟುಕೊಂಡ.

ದ್ಯಾವಾಚಾರಿ ಕಾಲು ಸಮೇತ ಪೆಡಲನ್ನ ಎದೆಗವಚಿಕೊಂಡು ಕೆರೆ ಏರಿಗೆ ಓಡಿದ. ಹಿಂದಿನ ಅರ್ಧ ಬಂತು. ಇವನು ಅದಕ್ಕೆ ಪೆಡಲು ಹಚ್ಚಿ, ಒತ್ತಪ್ಪಾ, ನನ್ನಪ್ಪಾ ಅಂದ. ಎಡಗಾಲು ಅವನ ಅಳು ನೋಡಿ ಕರಗಿತು. ಇದ್ದ ಬದ್ದ ಶಕ್ತಿಯೆಲ್ಲ ಹಾಕಿ ಒತ್ತಿತು.

ಒತ್ತಿತು. ಆದರೆ ಆ ಕಾಲು ಕಲಿತಿದ್ದೇನು? ಕ್ಲಚ್ಚು. ಕ್ಲಚ್ಚು ಒತ್ತಿದರೆ ಗಾಡಿ ನಿಲ್ಲಲ್ಲ, ಗೇರಿನ ಹಿಡಿತ ಬಿಡುತ್ತೆ. ಅದು ಬಿಡೋದನ್ನ ಮಾತ್ರ ಕಲಿತಿತ್ತು, ನಿಲ್ಲಿಸೋದನ್ನ ಯಾರು ಕಲಿಸಿದ್ದರು? ಹಿಡಿತ ಬಿಟ್ಟಿತು. ಬಾಕ್ಸು ಬಾಯಿ ಮುಚ್ಚಿತು. ಏರಿಯ ಆಚೆ ಇಳಿಜಾರು. ಹಿಂದಿನ ಅರ್ಧ ಸದ್ದಿಲ್ಲದೆ ಉರುಳೋಕೆ ಶುರುವಾಯಿತು. ಮಂಚಮ್ಮ ತಿರುಗಿ ನೋಡಿದಳು. ಅನ್ನದ ಮಾತು ಎತ್ತಲಿಲ್ಲ. ಬಚ್ಚಲಿಗೆ ಹೋದರೂ ಹೋಗಿ ಬರ್ತೀನಿ ಅನ್ನೋ ಹೆಂಗಸು ಅವಳು.

"ಹೋಗ್ತೀನಿ" ಅಂದಳು ಅವತ್ತು.

ದ್ಯಾವಾಚಾರಿ ಕಣ್ಣಿಗೆ ಕಾಣುವಷ್ಟು ದೂರ ನೋಡಿದ. ಆಮೇಲೆ ಅರಮನೆ ಮುಂದೆ ಬಂದು, ನಿಂತಿದ್ದ ಅರ್ಧ ಕಾರಿನಿಂದ ಮುದ್ದೆ ಕೋಲು ಕಿತ್ತುಕೊಂಡ. ಮನೆಗೆ ಹೋಗಿ ಒಲೆ ಆರಿಸಿ ಪಾತ್ರೆ ಇಳಿಸಿದ. ಕೋಲನ್ನ ಅದು ಮೊದಲು ಇರ್ತಿದ್ದ ಮೂಲೆಯಲ್ಲಿ ಒರಗಿಸಿ ಇಟ್ಟ. ಸೀದು ಕರಿಕಾಗಿದ್ದ ಅನ್ನವನ್ನ ಒಂದು ಅಗುಳೂ ಬಿಡದೆ ತಿಂದ.

ಗುಜ್ಜೇಂದ್ರ ಈಗಲೂ ಆ ಮುಂದಿನ ಅರ್ಧದಲ್ಲಿ ಕೂತಿದಾನೆ, ಕೋಳಿಗಳ ಜೊತೆ. ಅವನ ಎಡಗಾಲು ಯಾರದೋ ಮನೆಯ ಹೊಸಿಲ ಹೊರಗೆ ನಿಂತಿದೆ. ಮುಂದೆ ಹೋಗೋಕೆ ಬಲಗಾಲಿಲ್ಲ, ಮೊದಲು ಹೋಗೋದು ಅದಕ್ಕೆ ಗೊತ್ತಿಲ್ಲ. ಆ ಊರಿನವರು ಮಾತ್ರ ಬುದ್ಧಿ ಕಲಿತರು. ಅಲ್ಲಿ ಈಗ ಯಾರೂ ಬಲಗಾಲು ಮುಂದಿಟ್ಟು ಒಳಗೆ ಹೋಗೋದಿಲ್ಲ. ಎರಡೂ ಕಾಲು ಜೋಡಿಸಿ ಹೊಸಿಲ ಮೇಲಿಂದ ಹಾರುತ್ತಾರೆ. ಹೊಸ ಸೊಸೆಯರು ಬಿದ್ದು ಹಲ್ಲು ಮುರಿದುಕೊಳ್ಳುತ್ತಾರೆ. ಮೊದಲು ಪರೀಕ್ಷೆಗೆ ಕೂರಿಸೋ ಪದ್ಧತಿಯನ್ನ ಮಾತ್ರ ಯಾರೂ ಬಿಟ್ಟಿಲ್ಲ.

ನೀತಿ ಬೇಕಾ? ಒಲೆ ಮೇಲೆ ಅನ್ನ ಇಟ್ಟು ಯಾರ ಕಾರಲ್ಲೂ ಕೂರಬೇಡಿ. ಅಷ್ಟೇ. ಕತೆ ಇಳಿಜಾರಲ್ಲಿ ಉರುಳಿಹೋಯ್ತು, ನಾವು ಏರಿ ಮೇಲೆ ಉಳಿದ್ವಿ. ಏಳಿ, ಯಾರಾದರೂ ಒಳಗೆ ಹೋಗಿ ಒಲೆ ನೋಡಿ.