ವಿಶ್ರಾಂತಿಗೆ ಹೊರಟ ಪಾತ್ರೆ ವ್ಯಾಪಾರಿ

“ಗುರುಗಳೇ, ಎಲ್ಲಿಗೆ ಹೋದರೆ ಮನುಷ್ಯನಿಗೆ ಶಾಂತಿ ಸಿಗುತ್ತದೆ?” ಎಂದು ಗುರುಪಾದ ಕೇಳಿದ.

ಕೇಳಿದ ದನಿಯಲ್ಲಿ ಶಾಂತಿಯ ಸುಳಿವೂ ಇರಲಿಲ್ಲ. ಅವನು ಮಠ ಸೇರಿ ಬಹಳ ಕಾಲವಾಗಿತ್ತು. ಓದಿನಲ್ಲಿ ಚುರುಕು, ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ದಿನ ಬೆಳಿಗ್ಗೆ ಜೊತೆಯ ಶಿಷ್ಯನೊಬ್ಬ ಜೋರಾಗಿ ಪಾಠ ಒಪ್ಪಿಸುತ್ತಿದ್ದಾನೆಂದು ಅವನ ಪುಸ್ತಕ ಕಿತ್ತುಕೊಂಡು ಅಂಗಳಕ್ಕೆ ಎಸೆದಿದ್ದ. ಅಡುಗೆಯವನು ಸೌಟು ಬಡಿಯುತ್ತಾನೆ, ಒಬ್ಬ ಗೊರಕೆ ಹೊಡೆಯುತ್ತಾನೆ, ಇನ್ನೊಬ್ಬ ಶ್ರುತಿಯಿಲ್ಲದೆ ಹಾಡುತ್ತಾನೆ, ಇಂಥವರ ನಡುವೆ ಕೂತು ಧ್ಯಾನ ಮಾಡುವುದು ಹೇಗೆ ಎಂದು ದೂರಿದ. ಸಮುದ್ರದ ದಂಡೆಯಲ್ಲಿ ಭಕ್ತರೊಬ್ಬರ ಮನೆ ಖಾಲಿ ಇದೆ, ಅಪ್ಪಣೆಯಾದರೆ ಕೆಲವು ದಿನ ಅಲ್ಲಿದ್ದು ಬರುತ್ತೇನೆ ಎಂದ.

ಗುರುಗಳು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕೂರುವಂತೆ ಸನ್ನೆ ಮಾಡಿ ಒಂದು ಕತೆ ಹೇಳಿದರು.

ಒಂದು ಊರಿನ ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಕೊಡ, ಕೊಳಗ, ತಪ್ಪಲೆ, ಪರಾತ, ಏನು ಕೇಳಿದರೂ ಅವನ ಅಂಗಡಿಯಲ್ಲಿ ಸಿಗುತ್ತಿತ್ತು. ಒಂದು ಒಳ್ಳೆಯ ಮಾತು ಮಾತ್ರ ಸಿಗುತ್ತಿರಲಿಲ್ಲ. ಪಾತ್ರೆ ಅಂಗಡಿ ಎಂದ ಮೇಲೆ ಸದ್ದು ಇದ್ದದ್ದೇ. ಎದುರು ಸಾಲಿನಲ್ಲಿ ಕಂಚುಗಾರರು ತಗ್ಗು ಬಿದ್ದ ಕೊಡಗಳನ್ನು ಬಡಿದು ಸರಿಮಾಡುತ್ತಿದ್ದರು. ಗಿರಾಕಿಗಳು ತಪ್ಪಲೆಯನ್ನು ಬೆರಳಿನಿಂದ ತಟ್ಟಿ ನೋಡದೆ ಕೊಳ್ಳುತ್ತಿರಲಿಲ್ಲ. ಅಟ್ಟದ ಮೇಲಿಂದ ಆಗಾಗ ಒಂದು ಮುಚ್ಚಳ ಜಾರಿ ಬಿದ್ದು, ನೆಲದ ಮೇಲೆ ಗಿರಗಿರನೆ ತಿರುಗಿ, ಬಹಳ ಹೊತ್ತಾದ ಮೇಲೆ ಸುಮ್ಮನಾಗುತ್ತಿತ್ತು. ಒಂದೊಂದು ಸದ್ದಿಗೂ ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಕೆಲಸದವರನ್ನು ಬೈದು, ಕಂಚುಗಾರರನ್ನು ಬೈದು, ಸಿಕ್ಕಿದರೆ ಗಿರಾಕಿಗೂ ಎರಡು ಮಾತು ಅಂದು, ಉಳಿದ ಸಿಟ್ಟನ್ನು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದ.

ಮನೆಯಲ್ಲಿ ಹೆಂಡತಿ, ಮಗ, ಸೊಸೆ ಮತ್ತು ಒಬ್ಬ ಪುಟ್ಟ ಮೊಮ್ಮಗಳು ಇದ್ದರು. ಅವನು ಬರುವ ಹೊತ್ತಾಯಿತೆಂದರೆ ಸೊಸೆ ರೇಡಿಯೊ ಆರಿಸುತ್ತಿದ್ದಳು. ಮಗ ಯಾವುದಾದರೂ ಕೆಲಸ ಹಿಡಿದು ಕೂರುತ್ತಿದ್ದ. ಮೊಮ್ಮಗಳನ್ನು ಹಿತ್ತಲಿಗೆ ಕರೆದೊಯ್ಯುತ್ತಿದ್ದರು. ಹೆಂಡತಿ ಅಡುಗೆಮನೆಯಲ್ಲಿ ಲೋಟವನ್ನು ಕೂಡ ಸದ್ದಾಗದಂತೆ ಇಡುವುದನ್ನು ಕಲಿತುಕೊಂಡಿದ್ದಳು. ಅವನು ಹೊಸ್ತಿಲು ದಾಟುವಾಗ ಮನೆ ತಣ್ಣಗಿರುತ್ತಿತ್ತು. ಅದು ಯಜಮಾನನಿಗೆ ಸಲ್ಲುತ್ತಿರುವ ಮರ್ಯಾದೆ ಎಂದು ಅವನು ತಿಳಿದಿದ್ದ.

ಒಂದು ಮಧ್ಯಾಹ್ನ ಗಲ್ಲಾದ ಮುಂದೆ ಕೂತು ಯಾರನ್ನೋ ಗದರುತ್ತಿದ್ದಾಗಲೇ ಅವನ ಎದೆ ಹಿಡಿದುಕೊಂಡಿತು. ಡಾಕ್ಟರು ಪರೀಕ್ಷೆ ಮಾಡಿದರು. ಹೀಗೇ ಕೂಗಾಡುತ್ತಿದ್ದರೆ ಜೀವ ಉಳಿಯುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅಂಗಡಿ ಬಿಟ್ಟು, ಪೇಟೆ ಬಿಟ್ಟು, ಯಾವುದಾದರೂ ಸಮುದ್ರದ ಕಡೆ ಹೋಗಿ ಸುಮ್ಮನೆ ಕೂತು ಬನ್ನಿ ಎಂದರು. ವ್ಯಾಪಾರಿಗೆ ಭಯವಾಯಿತು. ಭಯವಾದಾಗಲೂ ಅವನಿಗೆ ಬರುತ್ತಿದ್ದದ್ದು ಸಿಟ್ಟೇ. ಇಷ್ಟು ಹೇಳುವುದಕ್ಕೆ ಅಷ್ಟು ಹೊತ್ತು ಕಾಯಿಸಿದಿರಾ ಎಂದು ಡಾಕ್ಟರ ಮೇಲೆ ಹರಿಹಾಯ್ದು ಬಂದ.

ಹೋಗುವುದಾದರೆ ಎಲ್ಲರೂ ಹೋಗುವ ಕಡೆ ತಾನೇಕೆ ಹೋಗಬೇಕು ಎಂದುಕೊಂಡ. ಹುಡುಗನಾಗಿದ್ದಾಗ ಕ್ರಿಕೆಟ್ ಕಾಮೆಂಟರಿಯಲ್ಲಿ ವೆಸ್ಟ್ ಇಂಡೀಸಿನ ದ್ವೀಪಗಳ ಹೆಸರು ಕೇಳಿದ್ದ. ಆ ಹೆಸರುಗಳ ಹಿಂದೆ ನೀಲಿ ನೀರು, ಬಿಳಿ ಮರಳು, ತೆಂಗಿನ ಮರ ಇರುತ್ತವೆ ಎಂದು ಯಾರೋ ಹೇಳಿದ್ದರು. ಅಷ್ಟು ದೂರ ಹೋದರೆ ಈ ಊರಿನ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ಕೆರಿಬಿಯನ್ ಸಮುದ್ರದ ಒಂದು ದ್ವೀಪಕ್ಕೇ ಹೋಗುವುದೆಂದು ತೀರ್ಮಾನಿಸಿ, ಟ್ರಾವೆಲ್ಸಿನವನನ್ನು ಮನೆಗೆ ಕರೆಸಿದ.

ಅಂದಿನಿಂದ ಆ ಮನೆಗೆ ಶನಿ ಹಿಡಿಯಿತು. ಟ್ರಾವೆಲ್ಸಿನವನು ರೆಸಾರ್ಟುಗಳ ಚಿತ್ರಗಳನ್ನು ನಡುಮನೆಯಲ್ಲಿ ಹರಡುತ್ತಿದ್ದ, ವ್ಯಾಪಾರಿ ಒಂದೊಂದನ್ನೇ ಎತ್ತಿ ಎಸೆಯುತ್ತಿದ್ದ. ಇಲ್ಲಿ ಮಕ್ಕಳು ಆಡುತ್ತಿದ್ದಾರೆ, ಬೇಡ. ಇಲ್ಲಿ ಜನ ನಗುತ್ತಿದ್ದಾರೆ, ನಕ್ಕರೆ ಸದ್ದಾಗುತ್ತದೆ, ಬೇಡ. ಕೊನೆಗೆ ಒಂದು ಕೋಣೆ ಒಪ್ಪಿಗೆಯಾಯಿತು. ಅದು ಸಮುದ್ರದ ಎದುರಿಗೇ ಇತ್ತು. ಹಾಸಿಗೆಯಲ್ಲಿ ಮಲಗಿದ್ದರೂ ಅಲೆಯ ಸದ್ದು ಕೇಳುತ್ತದೆ ಎಂದು ಟ್ರಾವೆಲ್ಸಿನವನು ಹೆಮ್ಮೆಯಿಂದ ಹೇಳಿದ. ವ್ಯಾಪಾರಿ ಕೆಂಡವಾದ. ಆ ಅಲೆಯನ್ನು ರಾತ್ರಿ ಹೊತ್ತು ನಿಲ್ಲಿಸುವ ಏರ್ಪಾಡು ಇಲ್ಲವೇ ಎಂದು ಕೇಳಿದನೋ ಇಲ್ಲವೋ, ಕೇಳುವ ಮುಖ ಮಾಡಿದ್ದಂತೂ ನಿಜ.

ವಿಶ್ರಾಂತಿಗೆಂದು ಅವನು ಮಾಡಿಕೊಂಡ ಸಿದ್ಧತೆ ದಂಡೆತ್ತಿ ಹೋಗುವಂತಿತ್ತು. ಎಷ್ಟು ಹೊತ್ತಿಗೆ ಏಳಬೇಕು, ಎಲ್ಲಿಯವರೆಗೆ ನಡೆಯಬೇಕು, ಯಾವ ಕಡೆ ಮುಖ ಮಾಡಿ ಕೂತು ಶಾಂತವಾಗಿರಬೇಕು ಎಂಬುದೆಲ್ಲ ಇಲ್ಲಿಂದಲೇ ಗೊತ್ತುಪಡಿಸಿದ. ಅಲ್ಲಿನ ಊಟ ಒಗ್ಗುವುದಿಲ್ಲವೆಂದು ಹೆಂಡತಿ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹುರಿದ ಅವಲಕ್ಕಿ ಮಾಡಿದಳು. ಖಾರ ಹೆಚ್ಚಾಯಿತೆಂದು ಚಟ್ನಿಪುಡಿಯ ಡಬ್ಬಿ ಹಾರಿತು. ಇಸ್ತ್ರಿಯಲ್ಲಿ ಮಡಿಕೆ ಉಳಿಯಿತೆಂದು ಸೊಸೆಗೆ ಬೈಗುಳವಾಯಿತು. ಪೆಟ್ಟಿಗೆಯ ಬೀಗ ಬಿಗಿಯೆಂದು ಮಗನ ಜನ್ಮವನ್ನೇ ಜಾಲಾಡಿದ. ಒಬ್ಬನ ವಿಶ್ರಾಂತಿಗಾಗಿ ಮನೆಮಂದಿಯೆಲ್ಲ ಹಗಲಿಡೀ ದುಡಿದರು. ದುಡಿದವರೆಲ್ಲ ಒಂದಲ್ಲ ಒಂದು ದಿನ ಅತ್ತರು. ಮೊಮ್ಮಗಳು ಮಾತ್ರ ಅಳಲಿಲ್ಲ. ಅವಳು ತಾತನ ಎದುರಿಗೆ ಬರುವುದನ್ನೇ ಬಿಟ್ಟಿದ್ದಳು.

ಜೊತೆಯಲ್ಲಿ ಹೆಂಡತಿಯೂ ಹೊರಡಬೇಕೆಂದು ಮಾತಾಗಿತ್ತು. ಹಾಗೆಂದು ಅವನೇ ಹೇಳಿದ್ದ, ಅವಳೇನೂ ಹೇಳಿರಲಿಲ್ಲ. ಟ್ರಾವೆಲ್ಸಿನವನು ಟಿಕೆಟ್ ಮಾಡಿಸಲು ಬಂದ ದಿನ ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಒಂದೇ ಟಿಕೆಟ್ ಮಾಡಿಸಿ. ನಾನು ಹೋಗೋದಿಲ್ಲ” ಎಂದಳು. ಆಮೇಲೆ ಗಂಡನ ಕಡೆ ತಿರುಗಿ, “ವಾಪಸ್ ಬರೋದು ಯಾವತ್ತು ಅಂತ ಸರಿಯಾಗಿ ಹೇಳಿಬಿಡ್ರೀ” ಎಂದಳು.

ಮದುವೆಯಾದಾಗಿನಿಂದ ಅವಳು ಒಲ್ಲೆ ಎಂದದ್ದು ಅದೇ ಮೊದಲು. ಅವನಿಗೆ ರೇಗಿತು. ಮಂಡಿನೋವಿನ ನೆಪ ಇರಬೇಕು, ಇರಲಿ, ತಾನೊಬ್ಬನೇ ಹೋದರೆ ಇನ್ನೂ ಶಾಂತಿ ಎಂದು ಕೂಗಿದ. ಆದರೆ ಬರುವ ದಿನವನ್ನು ಕೇಳಿದಳಲ್ಲ, ಅದು ಅವನ ಮನಸ್ಸಿಗೆ ತಟ್ಟಿತು. ಪಾಪ, ಬಿಟ್ಟಿರಲಾರಳು ಎಂದುಕೊಂಡ. ಮುಂದಿನ ತಿಂಗಳ ಎರಡನೆಯ ಸೋಮವಾರ ಬರುತ್ತೇನೆ ಎಂದ. ಸೋಮವಾರವೇ ತಾನೇ ಎಂದು ಅವಳು ಇನ್ನೊಮ್ಮೆ ಕೇಳಿ ಒಳಗೆ ಹೋದಳು.

ಅವನು ಹೊರಟ. ಎರಡು ಕಡೆ ವಿಮಾನ ಬದಲಿಸಿ, ಎರಡು ಕಡೆಯೂ ಜಗಳ ಮಾಡಿ ದ್ವೀಪ ಮುಟ್ಟಿದ. ಚಿತ್ರದಲ್ಲಿದ್ದದ್ದು ಸುಳ್ಳಾಗಿರಲಿಲ್ಲ. ನೀರು ನೀಲಿ, ಮರಳು ಬಿಳಿ. ಉದ್ದನೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತ. ಸಿಟ್ಟು ಮಾಡಲು ಯಾರೂ ಸಿಗಲಿಲ್ಲ. ಊಟ ತಂದವನನ್ನು ಬೈದು ನೋಡಿದ. ಕನ್ನಡದ ಬೈಗುಳ ಅವನಿಗೆ ತಿಳಿಯಲಿಲ್ಲ, ನಕ್ಕು ಇನ್ನೊಂದು ಎಳನೀರು ತಂದಿಟ್ಟ. ಹೀಗೇ ಒಂದೆರಡು ದಿನ ಕಳೆದವು. ಎದೆ ಹಗುರಾದಂತೆ ಅನ್ನಿಸಿತು.

ಶನಿವಾರ ಸಂಜೆ ಮರಳಿನ ಮೇಲೆ ವಾದ್ಯದವರು ಬಂದರು. ಎಣ್ಣೆಯ ಪೀಪಾಯಿಯನ್ನು ಅಡ್ಡಕ್ಕೆ ಕತ್ತರಿಸಿ, ಅದರ ತಳವನ್ನು ಸುತ್ತಿಗೆಯಲ್ಲಿ ಬಡಿದು ತಗ್ಗು ಮಾಡಿ, ಒಂದೊಂದು ತಗ್ಗಿನಿಂದ ಒಂದೊಂದು ಸ್ವರ ಹೊರಡಿಸುವುದು ಆ ಕಡೆಯ ಜನರ ವಿದ್ಯೆ. ಅದಿಲ್ಲದೆ ಅವರಿಗೆ ಹಬ್ಬವಿಲ್ಲ. ವಾದ್ಯ ಶುರುವಾಯಿತು. ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ಎದ್ದು ಕುಣಿಯತೊಡಗಿದರು. ಪಾತ್ರೆ ವ್ಯಾಪಾರಿಯ ಕಿವಿಗೆ ಕೇಳಿದ್ದು ಒಂದೇ. ತಗಡು. ಬಡಿದ ತಗಡು. ಅಂಗಡಿಯ ಎದುರಿನ ಕಂಚುಗಾರರ ಸಾಲು ಸಮುದ್ರ ದಾಟಿ ಬೆನ್ನು ಹತ್ತಿ ಬಂದಂತಾಯಿತು. ಅವನು ಎದ್ದು ಸರಸರನೆ ನಡೆದು, ಬಾರಿಸುತ್ತಿದ್ದ ಮುದುಕನ ಕೈಯಿಂದ ಕೋಲು ಕಿತ್ತು ಮರಳಿಗೆ ಎಸೆದ.

ವಾದ್ಯ ನಿಂತಿತು. ಕುಣಿತವೂ ನಿಂತಿತು. ಮುದುಕ ಬಗ್ಗಿ ಕೋಲು ಹುಡುಕಿಕೊಂಡ. ವಾದ್ಯದವರು ಪೀಪಾಯಿಗಳನ್ನು ಎತ್ತಿಕೊಂಡು ದಂಡೆಯ ಇನ್ನೊಂದು ತುದಿಗೆ ಹೊರಟರು, ಜನವೂ ಅವರ ಹಿಂದೆಯೇ ಹೋದರು. ಮರುದಿನ ಬೆಳಿಗ್ಗೆ ನೋಡಿದರೆ ಅವನ ಅಕ್ಕಪಕ್ಕದ ಕುರ್ಚಿಗಳೂ ಆ ತುದಿಗೆ ಹೋಗಿದ್ದವು. ಮಕ್ಕಳಿಲ್ಲ, ನಗುವಿಲ್ಲ, ತಗಡಿಲ್ಲ. ಅವನು ಊರಿನಲ್ಲಿ ಕೂತು ಬೇಡಿದ್ದ ಏಕಾಂತ ಪೂರ್ತಿ ಸಿಕ್ಕಿತು. ಅದರಲ್ಲಿ ಅವನು ಇನ್ನಷ್ಟು ಉರಿದ. ಬೈಯಲು ಬಾಯಿ ತೆರೆದರೆ ಕೇಳಿಸಿಕೊಳ್ಳಲು ಸಮುದ್ರ ಬಿಟ್ಟರೆ ಯಾರೂ ಇರಲಿಲ್ಲ, ಅದಕ್ಕೋ ಇವನ ಗೊಡವೆಯೇ ಇರಲಿಲ್ಲ. ಈ ದರಿದ್ರ ದ್ವೀಪದ ಸಹವಾಸ ಸಾಕೆಂದು, ಉಳಿದ ದಿನಗಳನ್ನು ಬಿಟ್ಟು, ಮನೆಗೆ ಒಂದು ಮಾತೂ ತಿಳಿಸದೆ ಹಿಂದಿರುಗಿದ. ಆ ಟ್ರಾವೆಲ್ಸಿನವನ ಗ್ರಹಚಾರ ಬಿಡಿಸಬೇಕು ಎಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಬಂದ.

ಊರು ಮುಟ್ಟಿದಾಗ ಗುರುವಾರ ಹಗಲು. ಓಣಿಗೆ ತಿರುಗುವಾಗಲೇ ಯಾವುದೋ ಮನೆಯಿಂದ ರೇಡಿಯೊ ಜೋರಾಗಿ ಕೇಳುತ್ತಿತ್ತು. ಯಾರ ಮನೆಯದು, ಹೋಗಿ ಉಗಿಯಬೇಕು ಎಂದುಕೊಂಡ. ಅದು ಅವನ ಮನೆಯದೇ ಆಗಿತ್ತು.

ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಸೊಸೆ ತಲೆ ಒಣಗಿಸುತ್ತ ರೇಡಿಯೊದ ಜೊತೆ ಗಂಟಲೆತ್ತಿ ಹಾಡುತ್ತಿದ್ದಳು. ಮಗ ನೆಲದ ಮೇಲೆ ಅಂಗಾತ ಬಿದ್ದಿದ್ದ. ಮೊಮ್ಮಗಳು ಅವನ ಹೊಟ್ಟೆಯ ಮೇಲೆ ಕೂತು, ಮನೆಯ ಅತಿ ದೊಡ್ಡ ಪರಾತವನ್ನು ಮಗುಚಿಟ್ಟುಕೊಂಡು ಸೌಟಿನಿಂದ ಬಾರಿಸುತ್ತಿದ್ದಳು. ಯಾರೋ ಹೆಂಗಸು ಬಿದ್ದು ಬಿದ್ದು ನಗುತ್ತಿದ್ದಳು. ನೆರೆಮನೆಯವಳು ಬಂದಿರಬೇಕೆಂದು ಅವನು ಕಣ್ಣು ಹಾಯಿಸಿದ. ನೆರೆಮನೆಯವಳಲ್ಲ. ಅವನ ಹೆಂಡತಿ ಕಾಲು ಚಾಚಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಆ ನಗುವಿನ ಗುರುತು ಅವನಿಗೆ ಸಿಗದೇ ಹೋಗಿತ್ತು.

ಮೊದಲು ನೋಡಿದ್ದು ಮೊಮ್ಮಗಳು. ಸೌಟು ನಿಂತಿತು. ಸೊಸೆ ರೇಡಿಯೊ ಆರಿಸಿದಳು. ಮಗ ಎದ್ದು ಅಂಗಿ ಸರಿಮಾಡಿಕೊಂಡ. ಹೆಂಡತಿ ಚಾಚಿದ ಕಾಲನ್ನು ಮಡಿಸಿಕೊಂಡು ನಿಧಾನವಾಗಿ ಎದ್ದು ನಿಂತಳು. ಆರೋಗ್ಯವೇ ಎಂದು ಕೇಳಲಿಲ್ಲ. ಯಾಕೆ ಬೇಗ ಬಂದಿರಿ ಎಂದೂ ಕೇಳಲಿಲ್ಲ.

“ಸೋಮವಾರ ಅಂದಿದ್ರಲ್ಲಾ” ಎಂದಳು.

ಸಿಟ್ಟು ಎಂದಿನಂತೆ ಅವನ ಗಂಟಲಿಗೆ ಬಂತು. ಗಂಟಲಿಗೆ ಬಂದದ್ದು ನಾಲಗೆಗೆ ಬರಲಿಲ್ಲ. ಅವನು ಮಗನ ಮುಖ ನೋಡಿದ, ಸೊಸೆಯ ಮುಖ ನೋಡಿದ. ಇಷ್ಟು ವರ್ಷ ಮರ್ಯಾದೆ ಎಂದುಕೊಂಡಿದ್ದ ಆ ಮೌನ ಕಣ್ಣೆದುರಿಗೇ ಹುಟ್ಟಿದ್ದನ್ನು ಅವನು ಕಂಡಿದ್ದ. ಅವನಿಗೆ ನಾಚಿಕೆಯಾಯಿತು. ಎದೆ ಹಿಡಿದುಕೊಂಡ ದಿನಕ್ಕಿಂತ ಹೆಚ್ಚು ನೋವೂ ಆಯಿತು.

“ಹೌದು. ಸೋಮವಾರವೇ ಬರ್ತೀನಿ” ಎಂದ. ಪೆಟ್ಟಿಗೆಯನ್ನು ಕೆಳಗಿಡದೆ ಹಾಗೇ ತಿರುಗಿ ಹೋದ.

ಬಸ್ ನಿಲ್ದಾಣದ ಎದುರಿನ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದ. ಕಿಟಕಿಯ ಕೆಳಗೇ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು, ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿದ್ದರು, ಸೊಳ್ಳೆಗಳಂತೂ ಮುತ್ತಿಕೊಂಡಿದ್ದವು. ಮಂಚದ ಮೇಲೆ ಕೂತು, ಈಗ ಮನೆಯಲ್ಲಿ ರೇಡಿಯೊ ಮತ್ತೆ ಹಾಕಿರಬಹುದೇ ಎಂದು ಯೋಚಿಸಿದ. ಹಾಕಿರಲಿ ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಲೇ ಅವನಿಗೆ ನಿದ್ದೆ ಬಂತು.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು.

ಗುರುಪಾದನ ಮುಖ ಬೆಳಗಿತು. ತಾನು ಕತೆಯ ಸಾರ ಹಿಡಿದೆನೆಂದು ಅವನಿಗೆ ಖುಷಿಯಾಗಿತ್ತು. “ತಿಳಿಯಿತು ಗುರುಗಳೇ. ಶಾಂತಿ ಸಮುದ್ರದ ದಂಡೆಯಲ್ಲಿಲ್ಲ, ನಮ್ಮೊಳಗೇ ಇದೆ. ಇನ್ನು ನಾನು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತೇನೆ” ಎಂದ.

ಗುರುಗಳು ಹೇಳಿದರು: “ಹಾಗಲ್ಲ ಮಗು, ನೀನು ಹೋಗಿ ಬಾ, ಮಠದವರಿಗೂ ನಾಲ್ಕು ದಿನ ವಿಶ್ರಾಂತಿ ಬೇಕಾಗಿದೆ.”