ಉಪ್ಪು ತುಂಬಿದ ಇಗರ್ಜಿ ಮತ್ತು ನತಾಲ್ ಬಾಯಮ್ಮ

ನಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲವಂತೆ. ಹೊಳೆ ಕಡಲು ಸೇರುವಲ್ಲಿ ಅಳಿವೆಬೈಲು ಅಂತ ಒಂದೂರು. ಅಲ್ಲಿ ಸನ್ಯಾಸಿ ಪಾದ್ರಿಗಳ ಮಠ, ಮಠಕ್ಕೆ ತಾಗಿ ಅವರ ಪೂಜೆಯ ಇಗರ್ಜಿ. ಈಗ ದನ ಕಟ್ಟುತ್ತಾರಲ್ಲ ಮಾರಾಯರೇ, ಆ ಮುರುಕು ಗೋಡೆಯೇ ಅದು!

ಗದ್ದೆಗೆ ಉಪ್ಪುನೀರು ನುಗ್ಗದಂತೆ ಕಟ್ಟ ಕಟ್ಟಿದವರು ಆ ಸನ್ಯಾಸಿಗಳಂತೆ. ಜ್ವರ ಬಂದವರಿಗೆ ಜಾತಿ ಕೇಳದೆ ಕಷಾಯ ಕೊಟ್ಟವರೂ ಅವರೇ ಅಂತೆ. ಆಮೇಲೆ ರಾಜ್ಯ ಕೈ ಬದಲಾಯಿತು, ಹೊಸ ದೊರೆಯ ಪಾರುಪತ್ತೇಗಾರ ಬಂದ. ಸನ್ಯಾಸಿಗಳನ್ನು ಉಟ್ಟ ಬಟ್ಟೆಯಲ್ಲೇ ದೋಣಿ ಹತ್ತಿಸಿದ. ಅಷ್ಟಕ್ಕೇ ಸುಮ್ಮನಾದನೇ? ಇಗರ್ಜಿಯೊಳಗೆ ಸರ್ಕಾರದ ಉಪ್ಪು ತುಂಬಿಸಿ ಬೀಗ ಜಡಿದ. ದೇವರ ಪೀಠದ ಮೇಲೂ ಉಪ್ಪಿನ ಮೂಟೆ! ಥೂ, ಹೇಳುವಾಗ ಈಗಲೂ ಮೈ ಉರಿಯುತ್ತದೆ.

ಊರ ಗಂಡಸರು ತಲೆ ತಗ್ಗಿಸಿ ಕೂತರಂತೆ. ಕೂರದವಳು ನತಾಲ್ ಬಾಯಮ್ಮ, ಮಠದ ಗದ್ದೆ ಗೇಣಿಗೆ ಮಾಡುತ್ತಿದ್ದ ವಿಧವೆ. ಅವಳ ಗಂಡ, ಎರಡು ಕೂಸು ಇಗರ್ಜಿಯ ಪಕ್ಕದಲ್ಲೇ ಮಣ್ಣಾಗಿದ್ದರು. ಗೋಡೆಯಿಂದ ಉಪ್ಪು ಜಿನುಗಿ ಆ ಸಮಾಧಿಗಳ ಮೇಲೆ ಹುಲ್ಲೂ ಸುಟ್ಟುಹೋದದ್ದು ನೋಡಿ ಅವಳ ಹೊಟ್ಟೆಗೆ ಬೆಂಕಿ ಬಿತ್ತಂತೆ. ಚಾವಡಿಗೆ ಹೋಗಿ, ತೆನೆ ಹಬ್ಬಕ್ಕಾದರೂ ಬಾಗಿಲು ತೆಗೆಸಿ ಅಂತ ಕೇಳಿದಳು. ನಿಮ್ಮ ದೇವರಿಗೆ ಉಪ್ಪು ಸಾಲಲಿಲ್ಲವೋ ಅಂತ ಪಾರುಪತ್ತೇಗಾರ ನಕ್ಕನಂತೆ.

"ಹಾಗೋ? ಆಯಿತು ಒಡೆಯಾ," ಅಂದು ಬಂದಳು.

ಆ ಊರಿನ ಕ್ರಮ ನಿಮಗೆ ಗೊತ್ತುಂಟಲ್ಲ? ಮೊದಲ ತೆನೆ ಪೀಠ ಮುಟ್ಟಬೇಕು, ಆಮೇಲೆಯೇ ಗದ್ದೆಗೆ ಕತ್ತಿ. ಪೀಠ ಮುಟ್ಟದೆ ಕೊಯ್ಯುವುದಿಲ್ಲ ಅಂತ ಬಾಯಮ್ಮ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ಗದ್ದೆಯಂಚಿಗೆ ಕೂತೇಬಿಟ್ಟಳು. ನೆರೆಯವರೂ ಕೂತರು. ಮಠದ ಕಷಾಯ ಕುಡಿದು ಬದುಕಿದ ಬೇರೆ ಜಾತಿಯವರೂ ಬಂದು ಕೂತರಂತೆ. ಪೇದೆಗಳು ಬೆತ್ತ ಬೀಸಿದರು. ಬೆನ್ನು ಊದಿತು, ಯಾರೂ ಏಳಲಿಲ್ಲ. ಮನೆಯಲ್ಲಿ ಅಕ್ಕಿ ಮುಗಿದು ಬಾಯಮ್ಮ ಕೆಸುವಿನ ಗಡ್ಡೆ ಬೇಯಿಸಿ ತಿಂದಳಂತೆ. ಕಣ್ಣೆದುರೇ ಭತ್ತ ಹಣ್ಣಾಗಿ ಉದುರುತ್ತಿತ್ತು. ಆದರೂ ಕತ್ತಿ ಮುಟ್ಟಲಿಲ್ಲ.

ಉದುರಿದ್ದರಲ್ಲಿ ದೊರೆಯ ಪಾಲೂ ಇತ್ತಲ್ಲ! ದೊರೆಗೆ ಸುದ್ದಿ ಮುಟ್ಟಿದರೆ ತನ್ನ ತಲೆ ಉಳಿಯಲಿಕ್ಕಿಲ್ಲ ಅಂತ ಪಾರುಪತ್ತೇಗಾರನಿಗೆ ನಡುಕ ಹುಟ್ಟಿತು. ಮೂಟೆಗಳು ಹೊರಗೆ ಬಂದವು, ಬಾಗಿಲು ತೆರೆಯಿತು. ಪಾದ್ರಿಯಿಲ್ಲದ ಪೀಠದ ಮೇಲೆ ಬಾಯಮ್ಮನೇ ತೆನೆ ಇಟ್ಟಳು. ಇಟ್ಟು, ಗೋಡೆಗೆ ಹಣೆ ಹಚ್ಚಿ ಗಟ್ಟಿಯಾಗಿ ಅತ್ತಳಂತೆ.

ಇನ್ನು ಪಾರುಪತ್ತೇಗಾರನ ನಾಚಿಕೆಗೇಡಿತನ ಕೇಳಿ. ಇಗರ್ಜಿಯನ್ನು ಜನರಿಗೆ ದಾನ ಕೊಟ್ಟ ಪುಣ್ಯಾತ್ಮ ತಾನೇ ಅಂತ ಹೆಸರು ಕೆತ್ತಿಸಿ ಬಾಗಿಲ ಪಕ್ಕ ಕಲ್ಲು ನೆಡಿಸಿದ! ಬಾಯಮ್ಮನ ಹೆಸರು? ಎಲ್ಲಿಯೂ ಇಲ್ಲ.

ಸನ್ಯಾಸಿಗಳು ತಿರುಗಿ ಬರಲೇ ಇಲ್ಲ. ಉಪ್ಪು ತಿಂದ ಗೋಡೆಗಳು ಒಂದೊಂದೇ ಬಿದ್ದವು. ಊರಿಗೆ ಬೇರೆ ಇಗರ್ಜಿ ಆಯಿತು. ಆದರೂ ತೆನೆ ಹಬ್ಬದ ದಿನ ಮೊದಲ ತೆನೆ ಈಗಲೂ ಹೋಗುವುದು ಆ ಮುರುಕು ಪೀಠಕ್ಕೇ. ಇಡುವಾಗ "ಬಾಯಮ್ಮ, ಕೊಯ್ಯಲಾ?" ಅಂತ ಕೇಳುತ್ತಾರೆ. ಹೊರಗೆ ಬಂದು ಹೆಂಗಸರು ಒಬ್ಬೊಬ್ಬರೂ ಒಂದೊಂದು ಮುಷ್ಟಿ ಉಪ್ಪನ್ನು ಪಾರುಪತ್ತೇಗಾರನ ಆ ಕಲ್ಲಿಗೆ ಹಾಕಿ ಉಜ್ಜುತ್ತಾರೆ. ಹೋಗಿ ನೋಡಿ ಬೇಕಾದರೆ, ಅವನ ಹೆಸರಿನ ಒಂದಕ್ಷರವೂ ಉಳಿದಿಲ್ಲ.