ಹೊಸ್ತಿಲ ಮೇಲೆ ಕೂತ ಹುಡುಗ

ನದಿಯ ಈ ದಂಡೆಯಲ್ಲಿ ಒಂದು ಆಶ್ರಮ, ಆಶ್ರಮದೊಳಗೇ ಒಂದು ಸಣ್ಣ ಶಾಲೆ, ಹಿಂದೆ ಊರು. ಆಚೆ ದಂಡೆಯಲ್ಲಿ ಕಾಡು.

ಕಾಡಿನ ಹಂದಿಗಳು ನದಿ ದಾಟಿ ಗದ್ದೆಗೆ ನುಗ್ಗುತ್ತಿದ್ದವು. ಆದ್ದರಿಂದ ಊರಿನ ಬಹಳಷ್ಟು ಮನೆಗಳಲ್ಲಿ ಕೋವಿ ಇತ್ತು.

ಆ ಊರಿನವರಿಗೆ ಒಂದು ರೂಢಿ. ಆಯುಧಪೂಜೆಯಲ್ಲಿ ಕೋವಿಗೆ ಕುಂಕುಮ ಹಚ್ಚಿ ಹೂವಿಟ್ಟ ಮೇಲೆ, ಅದನ್ನು ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕುವಾಗ ಒಳಗೆ ಒಂದು ತೋಟೆ ಹಾಕಿಡುತ್ತಿದ್ದರು. ಪೂಜೆ ಮಾಡಿದ ಕೋವಿ ಬರಿದಾಗಿರಬಾರದು ಎಂದು. ಹಂದಿಗೆ ಹಾರಿಸಿದರೆ, ಮನೆಗೆ ಬಂದು ಮತ್ತೊಂದು ತುಂಬಿಸಿಯೇ ತೂಗುಹಾಕುತ್ತಿದ್ದರು.

ಒಂದು ಮಧ್ಯಾಹ್ನ ಏಳು ವರ್ಷದ ಮಾರ ಸ್ಟೂಲು ಹತ್ತಿ ಅಪ್ಪನ ಕೋವಿಯನ್ನು ಇಳಿಸಿದ. ಎದುರಿಗೆ ಅವನ ತಂಗಿ ಹೊನ್ನಿ ನಿಂತಿದ್ದಳು. ಅವಳಿಗೆ ಐದು ವರ್ಷ.

ಕೋವಿ ಹಾರಿತು. ಹೊನ್ನಿ ಹೋದಳು. ಆ ಕೋವಿಯನ್ನು ಪೊಲೀಸರು ಒಯ್ದರು. ಉಳಿದ ಮನೆಗಳ ಕೋವಿಗಳು ಗೂಟದ ಮೇಲೆಯೇ ಉಳಿದವು.

ಸ್ವಲ್ಪ ದಿನ ಕಳೆದ ಮೇಲೆ ಊರಿನ ಹಿರಿಯ ಬೆಳ್ಳೇಗೌಡರು ಆಶ್ರಮಕ್ಕೆ ಬಂದರು. ಅವರು ಮಾರನಿಗೆ ದೊಡ್ಡಪ್ಪ.

"ಗುರುಗಳೇ, ಮಕ್ಕಳಿಗೆ ತಿಳಿವಳಿಕೆ ಇಲ್ಲ. ಅದಕ್ಕೇ ಹಿಂಗಾಯ್ತು. ಶಾಲೇಲಿ ಕೋವಿ ಬಗ್ಗೆ ಒಂದು ಪಾಠ ಮಾಡಿಸಿಬಿಡಿ."

ಗುರುಗಳು ಮೊರದಲ್ಲಿ ಹೆಸರುಕಾಳು ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರಿಗೆ?"

"ಮಕ್ಕಳಿಗೆ."

"ಯಾರಿಗೆ ಅಂದೆ."

"ಮಕ್ಕಳಿಗೇ ಗುರುಗಳೇ. ಚಿಕ್ಕೋರಿದ್ದಾಗಲೇ ಹೇಳಿಕೊಟ್ರೆ ತಲೇಲಿ ಕೂರುತ್ತೆ."

ಗುರುಗಳು ಒಂದು ಕಲ್ಲನ್ನು ಅಂಗಳಕ್ಕೆ ಎಸೆದರು. ಅದು ಸ್ವಲ್ಪ ಜೋರಾಗಿಯೇ ಹೋಗಿ ಬಿತ್ತು.

ಗೌಡರು ಹೋದ ಮೇಲೆ ಶಿಷ್ಯ ವಿರೂಪಾಕ್ಷ ಹತ್ತಿರ ಬಂದು ಕೂತ. ಶಾಲೆಯ ಮೇಷ್ಟ್ರು ಅವನೇ. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ಗುರಿ ಹೊಡೆದು ಪದಕ ಪಡೆದಿದ್ದ.

"ಗೌಡರು ಹೇಳಿದ್ದು ಸರಿ ಅನ್ನಿಸುತ್ತೆ ಗುರುಗಳೇ. ಮೊದಲು ಮರದ ಕೋವಿಯಲ್ಲಿ ನಿಯಮ ಕಲಿಸ್ತೀನಿ. ಆಮೇಲೆ ನಿಜವಾದ ಕೋವಿಯಲ್ಲಿ, ನಾನೇ ಪಕ್ಕದಲ್ಲಿ ನಿಂತು, ಮಡಕೆಗೆ ಗುರಿ ಹಿಡಿಸ್ತೀನಿ."

"ಬೇಡ."

"ಯಾಕೆ?"

"ಬೇಡ ಅಂದೆನಲ್ಲ."

"ಕೋವಿ ಮನೆಯಲ್ಲಿ ಇದ್ದೇ ಇದೆ. ಗೊತ್ತಿಲ್ಲದೆ ಮುಟ್ಟುವುದಕ್ಕಿಂತ ಗೊತ್ತಿದ್ದು ಮುಟ್ಟುವುದು ಮೇಲಲ್ಲವೇ?"

"ಮುಟ್ಟುವುದಂತೂ ಖಾತ್ರಿ ಅನ್ನು."

"ಮಕ್ಕಳು ಗುರುಗಳೇ. ಮುಟ್ಟದೆ ಇರ್ತಾರಾ? ನೀವೇ ನೋಡಿ, ಪಕ್ಕದಲ್ಲಿ ನದಿ ಇದೆ ಅಂತ ಮಕ್ಕಳಿಗೆ ಈಜು ಕಲಿಸ್ತೀರಿ. ಇದೂ ಹಾಗೇ ಅಲ್ಲವೇ?"

ಗುರುಗಳು ಈಗ ತಲೆ ಎತ್ತಿದರು.

"ಈ ನದಿಯನ್ನು ಯಾರ ಮನೆಯ ಗೂಟಕ್ಕೆ ತೂಗುಹಾಕಿದ್ದಾರೆ?"

ವಿರೂಪಾಕ್ಷನಿಗೆ ಅರ್ಥವಾಗಲಿಲ್ಲ. ಮರುದಿನ ಮತ್ತೆ ಕೇಳಿದ. ಅದರ ಮರುದಿನವೂ ಕೇಳಿದ. ಗುರುಗಳು ಬಟ್ಟೆ ಒಗೆಯುವಾಗ ಕೇಳಿದ, ಸ್ನಾನಕ್ಕೆ ಇಳಿದಾಗ ದಂಡೆಯ ಮೇಲೆ ನಿಂತು ಕೇಳಿದ.

"ಆಯ್ತಪ್ಪ, ಕಲಿಸು," ಅಂದರು ಗುರುಗಳು ಕೊನೆಗೆ, ಕುತ್ತಿಗೆಯವರೆಗೆ ನೀರಿನಲ್ಲಿ ನಿಂತು. "ನನಗೆ ಸ್ನಾನವಾದರೂ ನೆಟ್ಟಗೆ ಆಗಲಿ. ಒಂದು ಮಾತು ಮಾತ್ರ ನೆನಪಿಟ್ಟುಕೋ. ಮಕ್ಕಳು ಏನಾದರೂ ಕೇಳಿದರೆ ಸತ್ಯ ಹೇಳು."

ಬಡಗಿಯಿಂದ ಮರದ ಕೋವಿ ಬಂತು. ಪಾಠ ಶುರುವಾಯಿತು.

ಕೋವಿ ಯಾವಾಗಲೂ ತುಂಬಿದೆ ಎಂದೇ ತಿಳಿಯಬೇಕು. ಮನುಷ್ಯರ ಕಡೆ ತಿರುಗಿಸಬಾರದು. ಟ್ರಿಗರ್ ಮೇಲೆ ಬೆರಳಿಡಬಾರದು. ಮಕ್ಕಳಿರುವ ಕಡೆ ಕೋವಿಯೊಂದನ್ನೇ ಬಿಟ್ಟು ಹೋಗಬಾರದು.

ಮಕ್ಕಳು ಇದನ್ನು ಮಗ್ಗಿಯ ರಾಗದಲ್ಲಿ ಹೇಳತೊಡಗಿದರು. ಗೋಲಿ ಆಡುವಾಗಲೂ ಅದೇ ರಾಗ.

ಎಲ್ಲರಿಗಿಂತ ಚೆನ್ನಾಗಿ ಕಲಿತವನು ಮಾರ. ತಂಗಿ ಹೋದಾಗಿನಿಂದ ಆ ಹುಡುಗ ತರಗತಿಯಲ್ಲಿ ತುಟಿ ಬಿಚ್ಚಿರಲಿಲ್ಲ. ಈಗ ಒಂದಕ್ಷರ ತಪ್ಪದೆ ಒಪ್ಪಿಸಿದ. ವಿರೂಪಾಕ್ಷನಿಗೆ ಕಣ್ಣು ತುಂಬಿತು. ಬೆನ್ನು ತಟ್ಟಿದ.

ಮಾರ ಕೂರಲಿಲ್ಲ.

"ಮೇಷ್ಟ್ರೇ, ಇದು ನಂಗೆ ಮೊದಲೇ ಗೊತ್ತಿದ್ದಿದ್ರೆ ಹೊನ್ನಿ ಇರ್ತಿದ್ಲು, ಅಲ್ವಾ?"

ವಿರೂಪಾಕ್ಷನಿಗೆ ಸತ್ಯ ಹೇಳು ಎಂದು ಗುರುಗಳು ಹೇಳಿದ್ದು ನೆನಪಾಯಿತು.

"ಹೌದು ಮಾರ. ಅದಕ್ಕೇ ಕಲಿಯಬೇಕು," ಅಂದ.

ಮಾರ ಕೂತ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ.

ಮಡಕೆಗಳು ಬಂದವು. ಗುರಿ ಹಿಡಿಸುವ ದಿನವೂ ನಿಗದಿಯಾಯಿತು. ಅಷ್ಟರಲ್ಲಿ ಬೆಳ್ಳೇಗೌಡರು ನಗುತ್ತಾ ಆಶ್ರಮಕ್ಕೆ ಬಂದರು.

"ಮೇಷ್ಟ್ರೇ, ನಿಮ್ಮ ಪಾಠ ಹೆಂಗೆ ಹಿಡಿದಿದೆ ಅಂತೀರಾ! ನಮ್ಮ ಮಾರ ಬೆಳಗಾದ್ರೆ ಬಂದು ನಮ್ಮನೆ ಹೊಸ್ತಿಲ ಮೇಲೆ ಕೂತ್ಕೋತಾನೆ. ನನ್ನ ಮೊಮ್ಮಗ ಪುಟ್ಟ ತೆವಳಿಕೊಂಡು ಕೋವಿ ಕಡೆ ಬಂದ್ರೆ ಎತ್ತಿ ಒಳಗೆ ಬಿಡ್ತಾನೆ. ಮತ್ತೆ ಬಂದು ಕೂರ್ತಾನೆ. ಉಣ್ಣೋಕೆ ಕರೆದ್ರೂ ಏಳಲ್ಲ. ಆ ವಯಸ್ಸಿಗೇ ಎಂಥ ಜವಾಬ್ದಾರಿ!"

ಗುರುಗಳು ಮೊರವನ್ನು ಕೆಳಗಿಟ್ಟರು.

"ವಿರೂಪಾಕ್ಷ, ನಡಿ."

ದಾರಿಯಲ್ಲಿ ಗುರುಗಳು ಒಂದೇ ಒಂದು ಪ್ರಶ್ನೆ ಕೇಳಿದರು.

"ಆ ಹುಡುಗ ನಿನ್ನನ್ನು ಏನಾದರೂ ಕೇಳಿದನಾ?"

ವಿರೂಪಾಕ್ಷ ನಡೆದದ್ದನ್ನು ಹೇಳಿದ. "ಸತ್ಯ ಹೇಳು ಅಂದಿದ್ದಿರಿ. ಸತ್ಯವನ್ನೇ ಹೇಳಿದೆ."

ಗುರುಗಳು ಹಣೆ ಒತ್ತಿಕೊಂಡರು. ಹೆಜ್ಜೆ ಬೇಗ ಹಾಕಿದರು.

ಗೌಡರ ಮನೆಯ ಹೊಸ್ತಿಲ ಮೇಲೆ ಮಾರ ಕೂತಿದ್ದ. ಅವನ ತಲೆಯ ಮೇಲೆ, ಬಾಗಿಲ ಹಿಂದೆ, ಕೋವಿ ತೂಗುತ್ತಿತ್ತು. ಒಳಗೆ ತಟ್ಟೆಯೊಂದನ್ನು ಪುಟ್ಟ ನೆಲಕ್ಕೆ ಬಡಿಯುತ್ತಿತ್ತು.

"ಯಾಕೋ ಮಾರ, ಇಲ್ಲಿ ಕೂತಿದ್ದೀಯ?"

"ಕೋವಿ ಇದೆ ಗುರುಗಳೇ."

"ಇದ್ದರೆ?"

"ಮಕ್ಕಳಿರೋ ಕಡೆ ಅದೊಂದನ್ನೇ ಬಿಟ್ಟು ಹೋಗಬಾರದು."

"ಎಲ್ಲಿವರೆಗೆ ಕೂರ್ತೀಯ?"

ಮಾರ ತಿರುಗಿ ಒಳಗೆ ನೋಡಿದ.

"ಪುಟ್ಟ ದೊಡ್ಡೋನಾಗೋ ತನಕ."

ವಿರೂಪಾಕ್ಷ ಬೇರೆ ಕಡೆ ಮುಖ ತಿರುಗಿಸಿದ. ಆಮೇಲೆ ಕೈ ಚಾಚಿ ಕೋವಿಯನ್ನು ಇಳಿಸಿ, ನಡುವೆ ಮಡಿಸಿ ತೆರೆದ. ಒಳಗೆ ಕೆಂಪಗೆ ಒಂದು ತೋಟೆ ಕೂತಿತ್ತು.

"ಗೌಡರೇ! ಏನಿದು?"

"ಪೂಜೆ ಆದ ಕೋವಿ ಅಲ್ವಾ ಮೇಷ್ಟ್ರೇ, ಬರಿದು ಇಡಬಾರದು. ಒಂದೇ ಒಂದು."

"ಅವತ್ತೂ ಒಂದೇ ಒಂದಲ್ಲವೇ ಇದ್ದದ್ದು?"

"ಅದು ಹುಡುಗಾಟದಿಂದ ಆಗಿದ್ದು. ಈಗ ಪಾಠ ಆಗಿದೆಯಲ್ಲ."

ಗುರುಗಳು ವಿರೂಪಾಕ್ಷನ ಕಡೆ ತಿರುಗಿದರು.

"ಗೊತ್ತಿದ್ದರೆ ಸಾಕು ಅಂದೆಯಲ್ಲ, ಗೌಡರಿಗೆ ಗೊತ್ತಿಲ್ಲದ್ದು ಏನಿದೆ ಹೇಳು."

ಆಮೇಲೆ ಗೌಡರ ಕಡೆ ತಿರುಗಿದರು.

"ಪಕ್ಕದ ಮನೆಯವರ ಪಾತ್ರೆ ವಾಪಸು ಕೊಡುವಾಗ ಬರಿದು ಕೊಡ್ತೀರಾ?"

"ಉಂಟೇ ಗುರುಗಳೇ? ಚೂರು ಬೆಲ್ಲ ಆದ್ರೂ ಹಾಕಿ ಕೊಡ್ತೀವಿ."

"ಕೆಂಡ ಹಾಕಿ ಕೊಡಲ್ಲ ತಾನೇ?"

ಗೌಡರು ತೋಟೆಯ ಕಡೆ ನೋಡಿದರು.

"ಒಳಗಿಂದ ಒಂದು ಅರಿಶಿನದ ಕೊಂಬು ತರಿಸಿ."

ಕೊಂಬು ಬಂತು. ಗುರುಗಳು ತೋಟೆಯನ್ನು ತೆಗೆದು ಗೌಡರ ಅಂಗೈಗೆ ಹಾಕಿದರು. ಅದಿದ್ದ ಜಾಗದಲ್ಲಿ ಅರಿಶಿನದ ಕೊಂಬನ್ನು ಇಟ್ಟರು.

"ತಗೊಳ್ಳಿ. ಬರಿದಾಗಿಲ್ಲ, ಮಂಗಳವೂ ಆಯ್ತು. ಸಮಾಧಾನ ತಾನೇ?"

ಗೌಡರು ತಲೆಯಾಡಿಸಿದರು.

ಮಾರ ಮಾತ್ರ ಏಳಲಿಲ್ಲ. ಅವನು ದೊಡ್ಡಪ್ಪನ ಅಂಗೈಯನ್ನೇ ನೋಡುತ್ತಿದ್ದ.

"ತೋಟೆ ಎಲ್ಲಿಡ್ತೀರಾ ದೊಡ್ಡಪ್ಪ?"

"ಮೇಲಿನ ಗೂಡಲ್ಲಿ ಕಣೋ. ಯಾರಿಗೂ ಎಟುಕಲ್ಲ."

"ಸ್ಟೂಲು ಹತ್ತಿದ್ರೆ ಎಟುಕುತ್ತೆ," ಅಂದ ಮಾರ.

ಒಳಗೆ ಪುಟ್ಟನ ತಟ್ಟೆ ಬಡಿತ ನಡೆದೇ ಇತ್ತು.

"ಏಳು ಮಾರ," ಅಂದರು ಗುರುಗಳು. "ಇನ್ನು ಗೌಡರು ಕೂರ್ತಾರೆ."

"ಎಲ್ಲಿ?" ಅಂದರು ಗೌಡರು.

"ಅವನು ಕೂತ ಜಾಗದಲ್ಲಿ."

"ಗುರುಗಳೇ, ಹೊಸ್ತಿಲ ಮೇಲೆ ಕೂರಬಾರದು. ಶಾಸ್ತ್ರ ಇದೆ."

"ಇಷ್ಟು ದಿನ ಈ ಕೂಸು ಕೂತಿತ್ತಲ್ಲ, ನಿಮ್ಮ ಶಾಸ್ತ್ರ ಗದ್ದೆಗೆ ಹೋಗಿತ್ತೋ?"

ಗೌಡರು ಪಂಚೆ ಸರಿಪಡಿಸಿಕೊಂಡು ಕೂತರು. ಕೋವಿ ಮತ್ತೆ ಗೂಟಕ್ಕೆ ಹೋಯಿತು. ಗುರುಗಳು ಮಾರನನ್ನೂ ವಿರೂಪಾಕ್ಷನನ್ನೂ ಕರೆದುಕೊಂಡು ಎದುರಿನ ಬೇವಿನ ನೆರಳಲ್ಲಿ ಕೂತರು.

ಪುಟ್ಟ ತೆವಳಿಕೊಂಡು ಬಂತು. ಗೌಡರು ಎತ್ತಿ ಒಳಗೆ ಬಿಟ್ಟರು. ಮತ್ತೆ ಬಂತು. ಮತ್ತೆ ಬಿಟ್ಟರು.

ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು ನೋಡಿದ. "ಏನ್ ಗೌಡ್ರೇ, ಮನೆಯವರು ಹೊರಗೆ ಹಾಕಿದ್ರಾ?"

"ಹೋಗಯ್ಯ ಸುಮ್ನೆ, ನಿನ್ನ ಕೆಲಸ ನೋಡ್ಕೋ!"

ಕೊಟ್ಟಿಗೆಯಲ್ಲಿ ಎತ್ತು ಹಗ್ಗ ಬಿಚ್ಚಿಕೊಂಡಿತು. ಗೌಡರು ಎದ್ದರು.

"ಕೋವಿ?" ಅಂದರು ಗುರುಗಳು.

ಗೌಡರು ಕೂತರು. ಎತ್ತು ಹಿತ್ತಲಿನ ಬದನೆ ಗಿಡಗಳಿಗೆ ಬಾಯಿ ಹಾಕಿತು. ಪುಟ್ಟ ಮತ್ತೆ ಬಂತು. ಈ ಸಲ ದೊಡ್ಡಪ್ಪನ ಪಾಡು ನೋಡಲಾಗದೆ ಮಾರ ಏಳಲು ಹೋದ. ಗುರುಗಳು ಅವನ ತೋಳು ಹಿಡಿದು ಕೂರಿಸಿದರು.

ನೆರಳು ಹೊಸ್ತಿಲನ್ನು ಬಿಟ್ಟು ಅಂಗಳಕ್ಕೆ ಸರಿಯಿತು. ಬಿಸಿಲು ನೇರ ಗೌಡರ ಮುಖಕ್ಕೆ ಬಿತ್ತು. ಅವರು ದಡಕ್ಕನೆ ಎದ್ದರು.

"ಅಲ್ಲಾ ಗುರುಗಳೇ, ದಿನವಿಡೀ ಇದನ್ನೇ ಮಾಡ್ಕೊಂಡು ಕೂರೋಕೆ ಯಾರಿಗಾದ್ರೂ ಆಗುತ್ತಾ? ನಮ್ಮಪ್ಪನ ಕಾಲದ ಕಬ್ಬಿಣದ ಪೆಟ್ಟಿಗೆ ಒಳಗೆ ಬಿದ್ದಿದೆ. ಕೋವಿ ಬಿಚ್ಚಿ ಅದರೊಳಗೆ ಹಾಕಿ, ಬೀಗ ಜಡಿದು, ತೋಟೇನ ಬೇರೆ ಕಡೆ ಇಟ್ರೆ ಆಯ್ತಪ್ಪ! ಅಷ್ಟಕ್ಕೆ ಇಷ್ಟೆಲ್ಲ..."

ಮಾತು ಅಲ್ಲೇ ನಿಂತಿತು. ಅವರು ಮಾರನನ್ನು ನೋಡಿದರು. ಆಮೇಲೆ ಗೂಟವನ್ನು ನೋಡಿದರು.

"ಅವತ್ತೇ..." ಅಂದರು. ಕೋವಿಯನ್ನು ತಾವೇ ಇಳಿಸಿದರು.

ಪೆಟ್ಟಿಗೆಗೆ ಬೀಗ ಬಿತ್ತು. ತೋಟೆ ಬೇರೆ ಬೀಗದೊಳಗೆ ಹೋಯಿತು. ಎರಡೂ ಕೀಲಿ ಗೌಡರ ಉಡಿದಾರಕ್ಕೆ ಹೋದವು. ಮಾರ ಪೆಟ್ಟಿಗೆಯ ಬೀಗವನ್ನು ಎಳೆದು ನೋಡಿದ.

ವಿರೂಪಾಕ್ಷ ಅವನ ಎದುರು ಮಂಡಿಯೂರಿ ಕೂತ.

"ಮಾರ, ಅವತ್ತು ನೀನು ಕೇಳಿದ್ದಕ್ಕೆ ಹೌದು ಅಂದೆ. ನಾನು ಹೇಳಿದ್ದು ತಪ್ಪು. ಅದು ನಿನಗೆ ಗೊತ್ತಿರಬೇಕಾದ ವಿಷಯ ಆಗಿರಲಿಲ್ಲ. ಬೀಗ ಹಾಕಬೇಕಾಗಿದ್ದವರು ನಾವು. ದೊಡ್ಡವರು. ನಾವು ಹಾಕಲಿಲ್ಲ."

ಮಾರ ಬೀಗವನ್ನು ಇನ್ನೊಂದು ಸಲ ಎಳೆದು ನೋಡಿದ.

"ದೊಡ್ಡಪ್ಪ," ಅಂದ, "ಹಸಿವಾಗ್ತಿದೆ."

ಸಂಜೆ ಗುರುಗಳೂ ಶಿಷ್ಯನೂ ನದಿಯ ದಂಡೆಯಲ್ಲಿ ಕೂತಿದ್ದರು. ಊರಿನ ಮಕ್ಕಳು ನೀರಿನಲ್ಲಿ ಬಿದ್ದು ಎದ್ದು ಕಿರುಚುತ್ತಿದ್ದರು. ಮಾರ ಬಂದಿದ್ದ. ನೀರಿಗೆ ಇಳಿದಿರಲಿಲ್ಲ. ಕಾಲು ಒದ್ದೆಯಾಗದಷ್ಟು ದೂರದಲ್ಲಿ ನಿಂತಿದ್ದ.

"ಊರಲ್ಲಿ ಇನ್ನೂ ಬಹಳ ಮನೆಗಳಿವೆ ಗುರುಗಳೇ."

"ಇವೆ."

"ಎಲ್ಲರನ್ನೂ ಹೊಸ್ತಿಲ ಮೇಲೆ ಕೂರಿಸಬೇಕಾ?"

"ಬೇರೆ ದಾರಿ ಗೊತ್ತಿದ್ದರೆ ಹೇಳು. ನನಗೂ ವಯಸ್ಸಾಯಿತು, ಬಿಸಿಲಲ್ಲಿ ಓಡಾಡೋ ಚಟವೇನಿಲ್ಲ."

ಸುಮ್ಮನಿರುವುದು ವಿರೂಪಾಕ್ಷನಿಗೆ ಸುಲಭವಾಗಿರಲಿಲ್ಲ.

"ಹಾಗಾದರೆ ಮಕ್ಕಳಿಗೆ ಕೋವಿ ಹಿಡಿಯೋದನ್ನ ಎಂದೂ ಕಲಿಸಬಾರದಾ?"

"ಅಯ್ಯೋ ರಾಮ! ರಾತ್ರಿ ಗದ್ದೆ ಕಾಯೋ ವಯಸ್ಸು ಬರಲಿ. ಆಗ ಕಲಿಸು, ಚೆನ್ನಾಗಿ ಕಲಿಸು, ಬೇಡ ಅಂದವರು ಯಾರು? ಹಾಲುಹಲ್ಲು ಬೀಳದ ಮಕ್ಕಳನ್ನು ನಮ್ಮ ಮರೆವಿಗೆ ಕಾವಲು ಕೂರಿಸಬೇಡ."

ವಿರೂಪಾಕ್ಷ ತಲೆ ತಗ್ಗಿಸಿದ. ಆಮೇಲೆ ಶಾಲೆಯ ಗೋಡೆಯ ಪಕ್ಕ ನೋಡಿದ. ಗುರಿಗೆಂದು ತಂದ ಮಡಕೆಗಳು ಅಲ್ಲಿ ಸಾಲಾಗಿ ಬೋರಲು ಬಿದ್ದಿದ್ದವು.

"ಅವನ್ನೇನು ಮಾಡಲಿ?"

ಗುರುಗಳು ದಂಡೆಯ ಮೇಲೆ ನಿಂತ ಹುಡುಗನನ್ನು ನೋಡಿದರು.

"ಒಂದನ್ನು ಮಾರನಿಗೆ ಕೊಡು. ತಬ್ಬಿಕೊಂಡು ತೇಲಲಿ, ಹಾಗೇ ಈಜು ಬರುತ್ತೆ. ನದಿಗೆ ಬೀಗ ಹಾಕೋಕೆ ಆಗಲ್ಲ."